ಕಾಗೆ ಮುಟ್ಟದ ಹಳದಿ ಟೊಮೆಟೊ

ಬೆಳಗಾವಿಯ ಜನಕ್ಕೆ ಟೊಮೆಟೊ ಎಂದರೆ ಕೆಂಪು, ಅಷ್ಟೇ. ಬೇರೆ ಬಣ್ಣ ಕಂಡರೆ ಮೊದಲು ಮೂಗಿನ ಮೇಲೆ ಬೆರಳಿಡುತ್ತಾರೆ, ಆಮೇಲೆ ರೇಟು ಕೇಳುತ್ತಾರೆ, ಕೊನೆಗೆ ಪಕ್ಕದವಳ ಹತ್ತಿರ ಕೆಂಪು ಹಣ್ಣು ಕೊಂಡು ಹೋಗುತ್ತಾರೆ. ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ ಗೋಣಿಚೀಲ ಹಾಸಿ ನಾನು ಮೊದಲ ಸಲ ಕಪ್ಪು ಟೊಮೆಟೊ ಇಟ್ಟು ಕುಳಿತ ಭಾನುವಾರ, ವಾಕಿಂಗಿಗೆ ಬಂದ ಹಿರಿಯರೊಬ್ಬರು ಬಗ್ಗಿ ನೋಡಿ, "ಇವು ಕೊಳತಾವೇನ್ರಿ ಬಾಯಾರ?" ಎಂದು ಕೇಳಿದರು. "ಇಲ್ರೀ, ಹುಟ್ಟಿದಾಗಿಂದ ಹಿಂಗ ಅದಾವ" ಎಂದೆ. ಅವರು ಹಣ್ಣನ್ನು ಬಿಟ್ಟು ನನ್ನನ್ನೇ ಅನುಮಾನದಿಂದ ನೋಡಿ ಮುಂದೆ ನಡೆದರು.

ನಾನು ಹುಟ್ಟಾ ಒಕ್ಕಲಿನವಳಲ್ಲ. ಊರಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದು. ಬೇರೆಯವರ ತಪ್ಪು ಹುಡುಕಿ ಹುಡುಕಿ ನನ್ನ ನಾಲಿಗೆ ಚೂಪಾಗಿದೆ ಎಂಬುದು ಗಂಡನ ದೂರು. ಅವರು ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಲೇಥ್ ಮಷಿನ್ ಮೇಲೆ ಕೆಲಸ ಮಾಡುತ್ತಾರೆ. ಅವರ ಪಾಲಿಗೂ ಅವರ ಅಣ್ಣನ ಪಾಲಿಗೂ ಸೇರಿ ದೇಸೂರ ದಾಟಿ ಖಾನಾಪುರದ ಕಡೆಗೆ ಒಂದಿಷ್ಟು ಕೆಂಪು ಮಣ್ಣಿನ ಹೊಲವಿದೆ. ಅಲ್ಲಿಯೇ ಆ ಅಣ್ಣ, ಅಂದರೆ ನನ್ನ ಭಾವನೂ, ಅವರ ಹೆಂಡತಿ, ನನ್ನ ನೆಗೆಣ್ಣಿಯೂ ಇದ್ದರು. ಅವರಿಗೆ ಮಕ್ಕಳಿಲ್ಲ. ನೆಗೆಣ್ಣಿಯನ್ನು ನಾನು ಅಕ್ಕ ಎನ್ನುತ್ತೇನೆ. ಅವಳು ನನ್ನನ್ನು ತಂಗಿ ಎನ್ನುತ್ತಾಳೆ, ಬೈಯುವಾಗ ಕೂಡ.

ಬಣ್ಣದ ಟೊಮೆಟೊದ ಹುಚ್ಚು ನನ್ನದು. ಬೆಳಗಾವಿಯಲ್ಲಿ ನಡೆದ ಒಂದು ಬೀಜಮೇಳಕ್ಕೆ ಹೋದವಳು ಸೀರೆ ಅಂಗಡಿಗೆ ಹೊಕ್ಕವರಂತೆ ಅದು ಬೇಕು, ಇದೂ ಇರಲಿ ಎಂದು ಪೊಟ್ಟಣ ಆರಿಸಿದೆ. ಕಪ್ಪು, ಕಿತ್ತಳೆ, ಹಸಿರು ಪಟ್ಟೆಯದು, ಹಳದಿ. ಮೊದಲ ವರ್ಷವೇ ನನ್ನ ಅರ್ಧ ಜಾಣತನ ಮಣ್ಣುಪಾಲಾಯಿತು. ಹಸಿರು ಪಟ್ಟೆಯದು ಹಣ್ಣಾಗಿದೆಯೋ ಕಾಯಿಯೋ ಕೊಳ್ಳುವವರಿಗೆ ಗೊತ್ತಾಗದು, ಹೇಳಿದರೆ ನಂಬರು. ಕಿತ್ತಳೆ ಬಣ್ಣದ್ದು ನೀರು ಸ್ವಲ್ಪ ಹೆಚ್ಚಾದರೂ ಸೀಳುತ್ತಿತ್ತು. ಕಪ್ಪು ಗಟ್ಟಿ, ರೈಲಿನಲ್ಲಿ ತಂದರೂ ಜಜ್ಜುವುದಿಲ್ಲ, ಆದರೆ ನೋಡಿದವರಿಗೆ ಭಯ. ಹಳದಿಯದು ಮಾತ್ರ ಆ ವರ್ಷ ಮೊಂಡು ಹಿಡಿದು ತಡವಾಗಿ ಕಾಯಿ ಬಿಟ್ಟಿತು.

ಭಾವನಿಗೆ ಆ ಹಳದಿಯ ಮೇಲೆಯೇ ಕಣ್ಣು. ಟೊಮೆಟೊವನ್ನು ಹಾಗೆಯೇ ಕಚ್ಚಿ ತಿನ್ನುವ ಮನುಷ್ಯ ಅವರು. ಉಳಿದ ಬಣ್ಣಗಳನ್ನೆಲ್ಲ ಒಂದೊಂದಾಗಿ ತಿಂದು, ಇದು ಹುಳಿ, ಇದು ಸಪ್ಪೆ ಎಂದು ತೀರ್ಪು ಕೊಟ್ಟಾಗಿತ್ತು. ಹಳದಿಯದರ ಮುಂದೆ ಸಂಜೆ ಸಂಜೆ ಕುಕ್ಕರಗಾಲಲ್ಲಿ ಕುಳಿತು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದರು. "ಇನ್ನ ತುಸು ತಡೀಲಿ. ಹಣ್ಣ ತಾನ ಕರದು ಕೊಡಬೇಕು" ಎನ್ನುತ್ತಿದ್ದರು. "ಕರಿಯೂತನಕ ಹಕ್ಕಿ ತಿಂದು ಹೊಕ್ಕಾವ ನೋಡ್ರಿ" ಎಂದು ನಾನು ಚೇಷ್ಟೆ ಮಾಡಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಆ ಹಣ್ಣು ಪೂರ್ತಿ ಬಣ್ಣ ತಿರುಗುವ ಮೊದಲೇ ಒಂದು ಮಧ್ಯಾಹ್ನ ಭಾವ ಬಾವಿಯ ಮೋಟರು ಚಾಲೂ ಮಾಡಲು ಹೋದರು. ದಂಡೆಯ ಮೇಲೆ ಎದೆ ಹಿಡಿದುಕೊಂಡು ಕುಳಿತರು. ಗಾಡಿ ಖಾನಾಪುರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಮನೆತನದಲ್ಲಿ ಹೂಳುವ ರೂಢಿ. ಹೊಲದ ಪಡುವಣ ಮೂಲೆಯಲ್ಲಿ, ಬದುವಿನ ಪಕ್ಕ, ಅವರ ತಂದೆಯ ಗೋರಿಯ ಬಾಜೂಕ ಮಲಗಿಸಿದೆವು. ಮೂರನೆಯ ದಿನ ಅಲ್ಲಿ ಎಡೆ ಇಡುವುದು ಪದ್ಧತಿ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಎಲ್ಲರೂ ದೂರ ಸರಿದು ನಿಂತು ಕಾಗೆಗಾಗಿ ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಹೋದವರು ತೃಪ್ತಿಯಿಂದ ಹೋದರು ಎಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಅವರು ಇನ್ನೂ ಹೊರಟಿಲ್ಲ. ಅಂದು ರೊಟ್ಟಿ, ಬದನೆಕಾಯಿ ಪಲ್ಯ, ಅನ್ನದ ಜೊತೆಗೆ ನಾನೇ ಹೋಗಿ ಹಳದಿ ಟೊಮೆಟೊದ ಮೊದಲ ಗೊಂಚಲನ್ನು ಕಿತ್ತು ತಂದು ಎಲೆಯ ತುದಿಗೆ ಇಟ್ಟೆ. ಅವು ಅಷ್ಟರಲ್ಲಿ ಹಣ್ಣಾಗಿದ್ದವು.

ಕಾಗೆಗಳು ಬರಲಿಲ್ಲವೆಂದಲ್ಲ. ಬಂದವು. ಮತ್ತಿಮರದ ಟೊಂಗೆಯ ಮೇಲೆ ಸಾಲಾಗಿ ಕುಳಿತವು. ಕತ್ತು ಹೊರಳಿಸಿ ಎಲೆಯನ್ನೂ ನಮ್ಮನ್ನೂ ನೋಡಿದವು. ಒಂದೂ ಕೂಗಲಿಲ್ಲ, ಒಂದೂ ಕೆಳಗಿಳಿಯಲಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಟ್ಟರು. "ನಿನ್ನ ಹೇಣ್ತೀನ ನಾವು ನೋಡ್ಕೊಂತೀವಪಾ, ಚಿಂತಿ ಮಾಡಬ್ಯಾಡ." "ಹೊಲಾ ಪಾಳ ಬೀಳಗೊಡೂದಿಲ್ಲ." ನನ್ನ ಗಂಡ ಕೈಮುಗಿದು, ಎಲೆಯ ಮೇಲೆ ಇನ್ನೊಂದು ರೊಟ್ಟಿ ಇಟ್ಟು ಹಿಂದೆ ಬಂದರು. ಬಿಸಿಲೇರಿತು. ಕಾಗೆಗಳು ಕದಲಲಿಲ್ಲ. ಕಡೆಗೆ ಆಕಳನ್ನು ತಂದು ಎಡೆ ತಿನ್ನಿಸಿದರು. ಅದು ಅನ್ನ ತಿಂದಿತು, ರೊಟ್ಟಿ ತಿಂದಿತು, ಹಳದಿ ಹಣ್ಣುಗಳನ್ನು ಮೂಸಿ ನೋಡಿ ಮುಖ ತಿರುಗಿಸಿತು. ನಾವು ಅವನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದೆವು.

"ಮನಸ್ಸು ಇನ್ನೂ ಇಲ್ಲೇ ಐತಿ ಅವಂದು" ಎಂದು ಯಾರೋ ಮುದುಕಿ ಅಂದದ್ದು ನನ್ನ ಕಿವಿಗೆ ಬಿತ್ತು. ನಾನು ಇಂಥದ್ದನ್ನು ನಂಬುವವಳಲ್ಲ. ಅಷ್ಟು ಮಂದಿ ಸುತ್ತ ನಿಂತಿರುವಾಗ ಯಾವ ಕಾಗೆ ಇಳಿದೀತು ಎಂದು ದಾರಿಯಲ್ಲಿ ಗಂಡನಿಗೆ ಹೇಳಿದೆ.

ಆ ವರ್ಷ ಮಳೆ ತಗ್ಗಿದ ಮೇಲೆ ಮತ್ತೆ ಟೊಮೆಟೊ ಹಚ್ಚುವ ಮಾತು ಬಂದಾಗ ನಾನೇ ಬಣ್ಣ ಆರಿಸಿದೆ. ಕೆಂಪು ಹೆಚ್ಚು, ಕಪ್ಪು ಸ್ವಲ್ಪ, ಕಿತ್ತಳೆ ಇರಲಿ ಎಂದೆ. ಹಳದಿಯ ಹೆಸರೆತ್ತಲಿಲ್ಲ, ಎತ್ತಲು ಬಾಯಿ ಬರಲಿಲ್ಲ. ಅಕ್ಕ ಹೂಂ ಅಂದಳು. ಆದರೆ ಚಳಿ ಬಲಿತ ಹೊತ್ತಿಗೆ ಒಂದು ಶನಿವಾರ ಹೊಲಕ್ಕೆ ಹೋದಾಗ ನೋಡುತ್ತೇನೆ, ಪಡುವಣ ಬದುವಿನ ಗುಂಟ ಒಂದು ಉದ್ದನೆಯ ಸಾಲು, ಕೋಲು ಕಟ್ಟಿ ನಿಲ್ಲಿಸಿದ ಗಿಡಗಳು, ತುಂಬ ಹಳದಿ ಹಣ್ಣು.

"ಇವು ಎಲ್ಲೀವ್ರಿ ಅಕ್ಕಾ?"

"ಮನ್ಯಾಗ ಬೀಜ ಇದ್ದೂ."

ಮನೆಯಲ್ಲಿ ಬೀಜ ಇರುವುದು ಹೊಸತೇನಲ್ಲ. ಅವಳು ಬೀಜವನ್ನು ಸಗಣಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ತಟ್ಟಿ ಒಣಗಿಸಿಡುವವಳು. ಹೀರೆ, ಕುಂಬಳ, ಸೌತೆ ಎಲ್ಲ ಅಲ್ಲಿ ಬಿಲ್ಲೆ ಬಿಲ್ಲೆಯಾಗಿ ಅಂಟಿಕೊಂಡಿರುತ್ತವೆ. ಹಾಗೆ ಇರಬೇಕು ಎಂದುಕೊಂಡು ಸುಮ್ಮನಾದೆ.

ಹಣ್ಣು ನೋಡಲು ಚೆಲುವಾಗಿತ್ತು, ಅದನ್ನು ಒಪ್ಪಲೇಬೇಕು. ಖಾನಾಪುರದ ಕಡೆ ಚಳಿಗಾಲದ ಬೆಳಗು ಎಂದರೆ ಮಂಜು, ಮಾರು ದೂರದ ಗಿಡವೂ ಕಾಣುವುದಿಲ್ಲ. ಕೆಂಪು ಸಾಲು, ಕಪ್ಪು ಸಾಲು ಎಲ್ಲ ಮಂಜಿನಲ್ಲಿ ಮುಳುಗಿದಾಗಲೂ ಆ ಹಳದಿ ಸಾಲು ಮಾತ್ರ ದೂರದಿಂದ ಕಾಣುತ್ತಿತ್ತು. ಇನ್ನೊಂದು ಸಂಗತಿ ನನ್ನ ಕರಡು ತಿದ್ದುವ ಕಣ್ಣಿಗೆ ಬೇಗ ಬಿತ್ತು. ಕೆಂಪು ಹಣ್ಣನ್ನು ಹಕ್ಕಿಗಳು ಕುಕ್ಕಿದ್ದವು, ಕಪ್ಪನ್ನು ಕುಕ್ಕಿದ್ದವು, ಕಿತ್ತಳೆಯನ್ನಂತೂ ಅರ್ಧಂಬರ್ಧ ತಿಂದು ನೇತಾಡಿಸಿದ್ದವು. ಹಳದಿಯಲ್ಲಿ ಒಂದೇ ಒಂದು ಕುಕ್ಕಿದ ಗುರುತಿಲ್ಲ. ಆ ಸಾಲಿನ ಮೇಲೆ ಹಾದುಹೋಗುವ ಕರೆಂಟಿನ ತಂತಿಯ ಮೇಲೆ ಕಾಗೆಗಳು ಕುಳಿತಿರುತ್ತಿದ್ದವು. ಕೆಳಗೆ ನೋಡುತ್ತಿದ್ದವು, ಇಳಿಯುತ್ತಿರಲಿಲ್ಲ. ನನಗೆ ಆ ಮತ್ತಿಮರ ನೆನಪಾಯಿತು. ಅದನ್ನು ಝಾಡಿಸಿಕೊಂಡು ಬುಟ್ಟಿ ತುಂಬಿದೆ.

ಮಾರಾಟಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಮಾಲು ಸಿಕ್ಕುವಂತಿರಲಿಲ್ಲ. "ಹಕ್ಕಿ ಸುದ್ದಾ ಮುಟ್ಟಿಲ್ಲ, ನೋಡ್ರಿ" ಎಂದು ಕೂಗಿ ಮಾರಿದೆ. ಕಪ್ಪಿಗೆ ಹೆದರಿದ ಜನ ಹಳದಿಗೆ ಒಲಿದರು. ಒಬ್ಬ ಮರಾಠಿ ಬಾಯಿ ಪ್ರತಿ ಭಾನುವಾರ ಬರುತ್ತಿದ್ದಳು. ಕೊರೆಯುವ ಚಳಿಯ ಒಂದು ಬೆಳಿಗ್ಗೆ ಅವಳು ಹಣ್ಣು ಕೈಗೆ ತೆಗೆದುಕೊಂಡವಳು ಹಾಗೆಯೇ ನಿಂತಳು.

"ಇದು ಯಾಕ ಬೆಚ್ಚಗ ಐತ್ರಿ?"

ನಾನು ಮುಟ್ಟಿ ನೋಡಿದೆ. ಕೆಂಪು ಹಣ್ಣು ಕಲ್ಲಿನಷ್ಟು ತಣ್ಣಗಿತ್ತು. ಕಪ್ಪೂ ಹಾಗೆಯೇ. ಹಳದಿ ಬೆಚ್ಚಗಿತ್ತು, ಈಗಷ್ಟೇ ಯಾರದೋ ಕೈಯಿಂದ ಬಿಡಿಸಿಕೊಂಡು ಬಂದಂತೆ. ಬುಟ್ಟಿಯ ತಳದಲ್ಲಿದ್ದವೂ ಬೆಚ್ಚಗಿದ್ದವು. ಮಾರಲು ನನ್ನ ಜೊತೆ ಬಂದು ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಕಡೆ ನೋಡಿದೆ. ಅವಳು ಚಿಲ್ಲರೆ ಎಣಿಸುವ ನೆಪದಲ್ಲಿ ತಲೆ ಬಗ್ಗಿಸಿದಳು. ನಂತರ ಗಮನಿಸಿದೆ: ದೇಸೂರ ಸ್ಟೇಶನ್ನಿನಲ್ಲಿ ರೈಲು ಹತ್ತುವಾಗ ಉಳಿದ ಕ್ರೇಟುಗಳನ್ನು ಬಾಗಿಲ ಬಳಿ ತಳ್ಳಿ, ಹಳದಿಯ ಬುಟ್ಟಿಯೊಂದನ್ನು ಅವಳು ಮಡಿಲಲ್ಲಿ ಇಟ್ಟುಕೊಂಡು ಮೇಲೆ ಚಾದರ ಹೊದೆಸುತ್ತಿದ್ದಳು. ಬೆಳಗಾವಿಯವರೆಗೂ ಎರಡೂ ತೋಳು ಅದರ ಸುತ್ತ. ಹಣ್ಣು ಬೆಚ್ಚಗಿದ್ದದ್ದಕ್ಕೆ ಕಾರಣ ಸಿಕ್ಕಿತು ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಚಾದರದ ಮೇಲೆ ಬಗ್ಗಿ ಅವಳು ತುಟಿ ಅಲುಗಿಸುತ್ತ ಏನೋ ಮಾತಾಡುತ್ತಿದ್ದಳು.

ಮುಂದಿನ ಶುಕ್ರವಾರ ರಜೆ ಹಾಕಿ ಹೊಲದ ಮನೆಯಲ್ಲಿಯೇ ಉಳಿದೆ. ಬೆಳಗಿನ ಹೊತ್ತಿಗೆ ಎಚ್ಚರವಾದಾಗ ಅಕ್ಕನ ಹಾಸಿಗೆ ಖಾಲಿಯಿತ್ತು. ಹೊರಗೆ ಮಂಜು. ಹಿತ್ತಲಿಗೆ ಹೋಗಲೆಂದು ಬಾಗಿಲು ದಾಟಿದವಳು ಅಲ್ಲೇ ಕಲ್ಲಾದೆ. ಹಳದಿ ಸಾಲಿನ ನಡುವೆ ಭಾವ ನಿಂತಿದ್ದರು.

ಅವರದೇ ಕಂದು ಸ್ವೆಟರ್. ತಲೆಗೆ ಅವರು ಸುತ್ತುತ್ತಿದ್ದ ಹಾಗೆಯೇ ಒಂದು ಕಡೆ ಇಳಿಬಿಟ್ಟ ಟವಲ್. ಎರಡೂ ಕೈ ಮೇಲೆತ್ತಿ, ಆಕಾಶದ ಕಡೆ ಮುಖ ಮಾಡಿ, ಅಲುಗಾಡದೆ ನಿಂತಿದ್ದರು. ತಂತಿಯ ಮೇಲೆ ಕಾಗೆಗಳಿದ್ದವು. ಕಾಲಿನಲ್ಲಿದ್ದ ಚಪ್ಪಲಿ ಎಲ್ಲಿ ಬಿಟ್ಟೆನೋ, ತಣ್ಣನೆಯ ಮಣ್ಣು ಅಂಗಾಲಿಗೆ ತಾಗುತ್ತಿದ್ದದ್ದು ಮಾತ್ರ ನೆನಪಿದೆ. ಒಂದು ಕಾಗೆ ರೆಕ್ಕೆ ಬಿಚ್ಚಿ ಕೆಳಗಿಳಿಯಲು ಹವಣಿಸಿತು. ಆ ಆಕೃತಿ ತಟ್ಟನೆ ಕೈ ಬೀಸಿತು. "ಹೋ, ಹೋ" ಎಂದಿತು. ದನಿ ಅಕ್ಕನದು.

ಹತ್ತಿರ ಹೋಗಿ ಅವಳ ರಟ್ಟೆ ಹಿಡಿದೆ.

"ಇದೇನು ಮಾಡಾಕತ್ತೀರಿ?"

"ಕಾಗಿ ಹೊಡಿಯಾಕತ್ತೀನಿ." ಕಸ ಗುಡಿಸುತ್ತಿದ್ದೇನೆ ಎನ್ನುವಷ್ಟು ಸಹಜವಾಗಿ ಹೇಳಿದಳು. "ಹೊತ್ತ ಹೊಂಡೂದರಾಗ ಬರತಾವ. ಸೀರಿ ಉಟ್ಟು ನಿಂತ್ರ ಅಂಜೂದಿಲ್ಲ. ಇವರ ಅಂಗಿ ಕಂಡ್ರ ದೂರ ಇರತಾವ."

"ಕೆಂಪು ಸಾಲು ಬಿಟ್ಟು ಇದನ್ಯಾಕ ಕಾಯ್ತೀರಿ?"

ಅವಳು ಬದುವಿನ ಪಕ್ಕದ ಗೋರಿಯ ಕಡೆ ತೋರಿಸಿದಳು. "ಅಲ್ಲಿ ಹುಟ್ಟಿದ್ದೂ ಇವು. ನೀ ಎಡಿಗೆ ಹಣ್ಣ ಇಟ್ಟಿದ್ದಿಯಲ್ಲಾ, ಅವ. ಮುಂಗಾರಿ ಮಿರಗಾ ಮಳಿಗೆ ಅವರ ಎದಿ ಮ್ಯಾಲ ಮೊಳಕಿ ಬಂದೂ. ನಾ ನೀರ ಹಾಕಿ ಬೆಳಸಿ ಬೀಜಾ ಹಿಡದೆ."

ಆ ಹಣ್ಣನ್ನು ನಾನು ಕೂಗಿ ಮಾರಿದ್ದೆ. ಮನೆಯಲ್ಲಿ ಸಾರಿಗೆ ಹಾಕಿದ್ದೆ. ಸಿಟ್ಟು ಬಂತು, ಹೆದರಿಕೆಯೂ ಬಂತು, ಯಾವುದು ಮೊದಲು ಬಂತೋ ಹೇಳಲಾರೆ. "ಗೋರಿ ಮ್ಯಾಲಿಂದ ತಂದು ಮಂದೀಗೆ ತಿನ್ನಿಸಿದ್ರೇನು?" ಎಂದೆ.

"ಮನಷ್ಯಾರು ತಿಂದ್ರ ಏನಾಗೂದಿಲ್ಲ ತಂಗಿ. ಮಂದಿ ತಿನ್ಲಿ ಅಂತ ಬೆಳದೀನಿ. ಕಾಗಿ ಮುಟ್ಟಬಾರದು, ಅಷ್ಟ." ಟವಲ್ ಬಿಚ್ಚಿ ಮುಖ ಒರೆಸಿಕೊಂಡಳು. "ಅವತ್ತು ಮುಟ್ಟಲಿಲ್ಲ ಅಂದ್ರ ಅವರು ಹೋಗಿಲ್ಲ. ಇದರಾಗಿಂದ ಒಂದು ಹಣ್ಣು ಕಾಗಿ ಮುಟ್ಟಿತಂದ್ರ ಹೋಗಿಬಿಡತಾರ. ಎಲ್ಲಾರೂ ಅವರಿಗೆ ಹೋಗು ಹೋಗು ಅಂದ್ರಿ. ನಾ ಅಂದಿಲ್ಲ."

ಅದುವರೆಗೆ ನಾನು ಹಕ್ಕಿ ಮುಟ್ಟದ್ದನ್ನು ಒಂದು ವಿಚಿತ್ರವೆಂದುಕೊಂಡಿದ್ದೆ. ಅವಳು ಪ್ರತಿ ಬೆಳಿಗ್ಗೆ, ಪ್ರತಿ ಸಂಜೆ ಅಲ್ಲಿ ನಿಂತು ಅದನ್ನು ಆಗಿಸುತ್ತಿದ್ದಳು. ಇದು ತಿಳಿದ ಮೇಲೆ ಹೆದರಿಕೆ ಕಡಿಮೆಯಾಗಲಿಲ್ಲ, ಬೇರೆ ಥರದ್ದಾಯಿತು. ಅವಳ ಕೆನ್ನೆ ಗುಳಿಬಿದ್ದಿತ್ತು. ಕೈ ಮೇಲೆತ್ತಿ ಎತ್ತಿ ತೋಳು ಬಾತಿದ್ದವು. ಅವಳನ್ನು ಆ ಸಾಲು ದಿನದಿನಕ್ಕೆ ತಿನ್ನುತ್ತಿತ್ತು.

ಬರುವ ವರ್ಷ ಹಳದಿ ಬೇಡ ಎಂದು ನಾನು ಹಟ ಹಿಡಿದೆ. ಕಿತ್ತಳೆಯಲ್ಲಿ ಸೀಳದ ಒಂದು ತಳಿ ಇದೆಯಂತೆ, ಅದನ್ನು ತರುತ್ತೇನೆ ಎಂದೆ. ಹಳದಿಗೆ ಸಿಪ್ಪೆ ತೆಳು, ದೂರ ಸಾಗಿಸಲು ಬರುವುದಿಲ್ಲ, ರೋಗ ಬೇಗ ಹತ್ತುತ್ತದೆ ಎಂದೆಲ್ಲ ಪಟ್ಟಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ನಿನ್ನ ಬಣ್ಣಾ ನೀ ಆರಿಸ್ಕೊ. ಈ ಸಾಲು ನಂದು" ಎಂದಳು. ಗಂಡನಿಗೆ ಹೇಳಲೇ ಎಂದು ಬಹಳ ಯೋಚಿಸಿದೆ. ಹೇಳಿದರೆ ಅವರು ಕುಡುಗೋಲು ತಗೊಂಡು ಹೋಗಿ ಸಾಲನ್ನು ಸವರಿ ಹಾಕುತ್ತಿದ್ದರು, ಅಥವಾ ತಾವೂ ಅಣ್ಣನ ಅಂಗಿ ಹಾಕಿಕೊಂಡು ನಿಲ್ಲುತ್ತಿದ್ದರು. ಎರಡೂ ಬೇಡವೆನಿಸಿತು.

ನನಗೆ ಅಕ್ಕ ಬೇಕಿತ್ತು. ಅದಷ್ಟೇ ನನ್ನ ಲೆಕ್ಕ. ಮದುವೆಯಾಗಿ ಆ ಮನೆಗೆ ಹೋದಾಗ ರೊಟ್ಟಿ ಬಡಿಯಲು ಬಾರದ ನನ್ನ ರೊಟ್ಟಿಗಳನ್ನೆಲ್ಲ ತನ್ನವೆಂದು ಹೇಳಿ ಅತ್ತೆಯ ಬೈಗುಳ ತಿಂದವಳು ಅವಳು. ಒಂದು ಕಾಗೆ ಬಂದು ಒಂದು ಹಣ್ಣು ಕುಕ್ಕಿಬಿಟ್ಟರೆ ಅವಳಿಗೆ ಬಿಡುಗಡೆ ಎಂದು ಮನಸ್ಸು ಒಮ್ಮೆ ಅನ್ನುತ್ತಿತ್ತು. ಕುಕ್ಕಿಬಿಟ್ಟರೆ ಅವಳು ಉಳಿಯುತ್ತಾಳೆಯೇ ಎಂದು ಇನ್ನೊಮ್ಮೆ ಅನ್ನುತ್ತಿತ್ತು.

ಹಂಗಾಮು ಮುಗಿಯುತ್ತ ಬಂದಿತ್ತು. ಅಕ್ಕನಿಗೆ ಕಣ್ಣು ಮಂಜಾಗುತ್ತಿದೆಯೆಂದು ಖಾನಾಪುರದಲ್ಲಿ ತೋರಿಸಬೇಕಾಗಿ ಬಂತು. ಹೊಲ ಬಿಟ್ಟು ಹೋಗಲು ಒಪ್ಪಲಿಲ್ಲ. ನಾನು ಇಡೀ ದಿನ ಸಾಲಿನ ಹತ್ತಿರವೇ ಇರುತ್ತೇನೆ ಎಂದು ಮಾತು ಕೊಟ್ಟ ಮೇಲೆ ಬಸ್ಸು ಹತ್ತಿದಳು. ಹತ್ತುವಾಗ ಮೈಮೇಲಿದ್ದ ಭಾವನ ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇದನ್ನ ಹಾಕ್ಕೊ" ಎಂದಳು.

ನಾನು ಹಾಕಿಕೊಳ್ಳಲಿಲ್ಲ. ಮಡಚಿ ಬದುವಿನ ಮೇಲೆ ಇಟ್ಟೆ. ಮಧ್ಯಾಹ್ನದವರೆಗೆ ಸಾಲಿನ ತುದಿಯಲ್ಲಿ ಕುಳಿತು ಕೈಗೆ ಸಿಕ್ಕ ಮಣ್ಣಿನ ಹೆಂಟೆ ಎಸೆಯುತ್ತಿದ್ದೆ. ಕಾಗೆಗಳು ತಂತಿಯಿಂದ ಎದ್ದು ಮತ್ತೆ ಬಂದು ಕೂರುತ್ತಿದ್ದವು. ಬಿಸಿಲು ಇಳಿಯುವಾಗ ಅವೆಲ್ಲ ಒಟ್ಟಿಗೆ ಹಾರಿಹೋದವು. ಒಂದೇ ಒಂದು ಉಳಿಯಿತು. ಗಾಳಿ ನಿಂತಿತ್ತು. ದೂರದ ರಸ್ತೆಯ ಸದ್ದೂ ಇರಲಿಲ್ಲ. ಆ ಒಂದು ಕಾಗೆ ಅವಸರವಿಲ್ಲದೆ ಕೆಳಗಿಳಿದು ಸಾಲಿನ ನಡುವೆ, ನನಗೆ ಕೈಗೆಟುಕುವಷ್ಟು ಹತ್ತಿರ, ಕೋಲಿನ ಮೇಲೆ ಕುಳಿತಿತು. ನನ್ನನ್ನು ನೋಡಿತು. ನನ್ನ ಕೈಯಲ್ಲಿ ಹೆಂಟೆ ಇತ್ತು. ಕೈ ಏಳಲಿಲ್ಲ. ಎತ್ತಬಾರದು ಎಂದು ನಾನು ತೀರ್ಮಾನಿಸಿದ್ದೆನೋ, ಎತ್ತಲು ಆಗಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಅದು ಕತ್ತು ಬಗ್ಗಿಸಿ ಒಂದು ಹಣ್ಣನ್ನು ಕುಕ್ಕಿತು. ಒಮ್ಮೆ ಮಾತ್ರ. ಆಮೇಲೆ ಹಾರಿ, ಪಡುವಣ ಮೂಲೆಯ ಮೇಲೆ ಹಾದು, ಕಾಣದಾಯಿತು.

ನಾನು ಇಂಥದ್ದನ್ನು ನಂಬುವವಳಲ್ಲ ಎಂದು ಮೊದಲೇ ಹೇಳಿದ್ದೇನೆ. ಆದರೂ ಆ ಗಳಿಗೆಯಲ್ಲಿ ಹೊಲ ಖಾಲಿಯಾದದ್ದು ನನಗೆ ಗೊತ್ತಾಯಿತು. ಇಷ್ಟು ದಿನ ಆ ಸಾಲಿನ ಹತ್ತಿರ ಹೋದಾಗಲೆಲ್ಲ ಬೆನ್ನ ಹಿಂದೆ ಯಾರೋ ಇದ್ದಾರೆ ಎನಿಸಿ ತಿರುಗಿ ನೋಡುತ್ತಿದ್ದೆ. ಈಗ ಹಿಂದೆ ಯಾರೂ ಇರಲಿಲ್ಲ. ಅವು ಬರೀ ಟೊಮೆಟೊ ಗಿಡಗಳಾಗಿದ್ದವು, ಎಲೆ ಒಣಗಲು ಶುರುವಾದ, ಹಂಗಾಮು ಮುಗಿದ ಗಿಡಗಳು. ನನಗೆ ನಿರಾಳವಾಗಬೇಕಿತ್ತು. ಅಳು ಬಂತು. ಭಾವ ಸತ್ತ ದಿನ ಕೂಡ ನಾನು ಅಷ್ಟು ಅತ್ತಿರಲಿಲ್ಲ.

ರಸ್ತೆಯಲ್ಲಿ ಬಸ್ಸು ನಿಂತ ಸದ್ದಾಯಿತು. ಅಕ್ಕ ಕಾಲುದಾರಿಯಲ್ಲಿ ಬಿರಬಿರನೆ ಬರುತ್ತಿದ್ದಳು, ಹೊಸ ಕನ್ನಡಕ ಹಾಕಿಕೊಂಡು. ಕುಕ್ಕಿದ ಹಣ್ಣು ಗಿಡದಲ್ಲಿ ನೇತಾಡುತ್ತಿತ್ತು, ತೂತಿನಿಂದ ರಸ ಇಳಿಯುತ್ತಿತ್ತು. ನಾನು ಅದನ್ನು ಕಿತ್ತೆ. ಎಸೆದರೆ ಕಾಣುತ್ತದೆ, ಹೂಳಲು ಹೊತ್ತಿಲ್ಲ. ಬಾಯಿಗೆ ಹಾಕಿಕೊಂಡೆ. ಪೂರ್ತಿ, ತೊಟ್ಟಿನ ಸಮೇತ.

"ಬಂದಿತ್ತೇನು?" ಎಂದು ಅಕ್ಕ ದೂರದಿಂದಲೇ ಕೇಳಿದಳು.

ಬಾಯಿ ತುಂಬಿತ್ತು. ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಅವಳು ಕನ್ನಡಕದ ಮೇಲಿಂದ ನನ್ನ ಕೆನ್ನೆ ನೋಡಿದಳು, ಕಣ್ಣು ನೋಡಿದಳು. "ಯಾಕ ಅತ್ತಿ?"

ನುಂಗಿದೆ. "ಹುಳಿ ಐತಿ" ಎಂದೆ.

"ಹಳದಿ ಎಲ್ಲ್ಯಾರ ಹುಳಿ ಇರತೈತೇನು?" ಎಂದು ಅವಳು ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಬದುವಿನ ಮೇಲಿನ ಸ್ವೆಟರ್ ಎತ್ತಿ ಕೊಡವಿ ಹಾಕಿಕೊಂಡು ಸಾಲಿನೊಳಗೆ ಹೋದಳು. ಗಿಡ ಗಿಡದ ಹತ್ತಿರ ಬಗ್ಗಿ, ಹೊಸ ಕನ್ನಡಕದಿಂದ ಒಂದೊಂದೇ ಹಣ್ಣನ್ನು ತಿರುಗಿಸಿ ನೋಡಿದಳು. ಒಂದರ ಮೇಲೂ ಗುರುತಿರಲಿಲ್ಲ. "ಇನ್ನೂ ಇಲ್ಲೇ ಅದಾರ ಬಿಡು" ಎಂದು ತನಗೆ ತಾನೇ ಅಂದುಕೊಂಡಳು.

ಸಂಜೆಗೆ ಕಾಗೆಗಳು ತಂತಿಗೆ ಮರಳಿದವು. ಅವಳು ಎರಡೂ ಕೈ ಮೇಲೆತ್ತಿ ನಿಂತಳು. ನಾನೂ ಹೋಗಿ ಅವಳ ಪಕ್ಕದಲ್ಲಿ ಕೈ ಎತ್ತಿ ನಿಂತೆ.